ಮಿಹಿಂತಲೆಯ ಮೆಟ್ಟಿಲ ಮೇಲೆ

ಅನುರಾಧಪುರದಿಂದ ತ್ರಿಂಕೋಮಲಿಯ ದಾರಿ ಹಿಡಿದ ಬೆಳಗಿನ ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಬಿಳಿ ಬಟ್ಟೆಯವರು. ಅಜ್ಜಿಯರ ಮಡಿಲಲ್ಲಿ ಒಂದೊಂದು ಚೀಲ. ಚೀಲದೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ತಾವರೆ ಮೊಗ್ಗು, ಸೀಸೆಯಲ್ಲಿ ಕೊಬ್ಬರಿ ಎಣ್ಣೆ, ಒಂದು ಕಟ್ಟು ಊದುಬತ್ತಿ. ಚಾಲಕನ ತಲೆಯ ಮೇಲೆ ಬುದ್ಧನ ಪಟ, ಅದರ ಸುತ್ತ ಮಿಣಮಿಣ ಎನ್ನುವ ಬಣ್ಣದ ದೀಪದ ಸರ, ರೇಡಿಯೊದಲ್ಲಿ ಏರಿಳಿತವಿಲ್ಲದ ಒಂದೇ ಎಳೆಯ ಪಿರಿತ್, ಅಂದರೆ ಬೌದ್ಧ ಸೂತ್ರಗಳ ಪಠಣ. ಕಿಟಕಿಯ ಹೊರಗೆ ಕೆರೆ ಏರಿ, ಏರಿಯ ಕೆಳಗೆ ಗದ್ದೆ, ಗದ್ದೆಯಾಚೆ ಕುರುಚಲು ಕಾಡು. ಮಳೆ ಕಡಿಮೆಯ ಈ ಬಯಲಿನಲ್ಲಿ ಎದ್ದು ಕಾಣುವ ಎತ್ತರವೆಂದರೆ ದೂರದಲ್ಲಿರುವ ಆ ಕಲ್ಲುಗುಡ್ಡ, ಅದರ ನೆತ್ತಿಯ ಮೇಲಿನ ಬಿಳಿಯ ಸ್ತೂಪ. 13 ಕಿಲೋಮೀಟರ್ ಸಾಗಿ ಬಸ್ಸು ನಿಂತಾಗ ಕಂಡಕ್ಟರು ಊರಿನ ಹೆಸರನ್ನು ಕೂಗುವ ಮೊದಲೇ ಬಿಳಿ ಬಟ್ಟೆಯವರೆಲ್ಲ ಎದ್ದು ನಿಂತಿರುತ್ತಾರೆ. ಇದೇ ಮಿಹಿಂತಲೆ. ಲಂಕೆಗೆ ಬೌದ್ಧಧರ್ಮ ಬಂದಿಳಿದ ಜಾಗ ಎಂದು ಸಿಂಹಳರು ನಂಬಿರುವ ಬೆಟ್ಟ.

ಬನ್ನಿ, ಬಿಸಿಲು ಏರುವ ಮುಂಚೆ ಹತ್ತಿಬಿಡೋಣ. ಬುಡದಲ್ಲಿ ಹೂವಿನ ಅಂಗಡಿಗಳ ಸಾಲು. ನೀಲಿ ನೈದಿಲೆಯ ಎಸಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಹಿಂದಕ್ಕೆ ಮಡಚಿ, ನೀರು ಚಿಮುಕಿಸಿ, ತಟ್ಟೆಯಲ್ಲಿ ಜೋಡಿಸುತ್ತ ಕೂತ ಮುದುಕಿ, ಕಣ್ಣೆತ್ತದೆಯೇ ಎಲ್ಲರನ್ನೂ ‘ಪುತೇ, ಪುತೇ’ ಎಂದು ಕರೆಯುತ್ತಾಳೆ. ಅವಳಿಗೆ ದಾರಿಯಲ್ಲಿ ಹೋಗುವವರೆಲ್ಲ ಮಕ್ಕಳು. ಪಕ್ಕದ ಗೂಡಂಗಡಿಯ ಸೌದೆ ಒಲೆಯ ಮೇಲೆ ಒಣಗಿಸಿದ ಬಿಲ್ವದ ಹೂವು ಕುದಿಯುತ್ತಿದೆ. ಬೆಲಿಮಲ್ ಎನ್ನುವ ಆ ಕಷಾಯವನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಬಗನಿ ಮರದ ಬೆಲ್ಲದ ಒಂದು ತುಣುಕನ್ನು ಅಂಗೈಗೆ ಇಡುತ್ತಾರೆ. ಬೆಲ್ಲ ಕಚ್ಚುವುದು, ಒಂದು ಗುಟುಕು ಕುಡಿಯುವುದು. ಹೊಗೆ, ಹೂವು, ಬೆಲ್ಲ ಮೂರರ ವಾಸನೆಯೂ ಬೆರೆತು ಮೆಟ್ಟಿಲಿನ ತನಕ ನಮ್ಮ ಜೊತೆ ಬರುತ್ತದೆ.

ಮೆಟ್ಟಿಲು ಹತ್ತುವ ಮೊದಲು ಎಡಬಲದ ಪೊದೆಗಳ ನಡುವೆ ನೆಲಮಟ್ಟದ ಗೋಡೆಗಳು ಕಾಣುತ್ತವೆ. ಹೆಚ್ಚಿನ ಯಾತ್ರಿಕರು ಇವನ್ನು ದಾಟಿ ನೇರ ಮೇಲಕ್ಕೆ ಹೋಗಿಬಿಡುತ್ತಾರೆ. ಒಂದು ಗಳಿಗೆ ನಿಲ್ಲಿ. ನಡುವೆ ಅಂಗಳ, ಅಂಗಳದ ಸುತ್ತ ಒತ್ತೊತ್ತಾಗಿ ಪುಟ್ಟ ಪುಟ್ಟ ಕೋಣೆ, ಒಂದು ಬದಿಯಲ್ಲಿ ಒಂದೇ ಕಲ್ಲಿನಲ್ಲಿ ಕೊರೆದ ವಿಚಿತ್ರ ತೊಟ್ಟಿ. ಬಗ್ಗಿ ನೋಡಿದರೆ ತೊಟ್ಟಿಯ ಒಳಮೈ ಮನುಷ್ಯನ ಆಕಾರದಲ್ಲಿದೆ: ತಲೆಗೊಂದು ತಗ್ಗು, ಭುಜಕ್ಕೆ ಅಗಲ, ಕಾಲಿನತ್ತ ಕಿರಿದು. ರೋಗಿಯನ್ನು ಇದರಲ್ಲಿ ಮಲಗಿಸಿ ಔಷಧಿಯ ಎಣ್ಣೆ, ಕಷಾಯಗಳಲ್ಲಿ ನೆನೆಸುತ್ತಿದ್ದರಂತೆ. ಆಕಾರ ಮೈಗೆ ಹೊಂದುವುದರಿಂದ ದುಬಾರಿ ಮದ್ದು ಹೆಚ್ಚು ಬೇಕಾಗುತ್ತಿರಲಿಲ್ಲ. ಇದು 9ನೇ ಶತಮಾನದ ಆಸ್ಪತ್ರೆ. ಕ್ರಿ.ಶ. 853ರಿಂದ 887ರವರೆಗೆ ಆಳಿದ ಎರಡನೆಯ ಸೇನ ರಾಜ ಕಟ್ಟಿಸಿದ್ದು. ಬೆಟ್ಟದ ಮೇಲೆ ಧ್ಯಾನ ಮಾಡುವವರಿಗೂ ಜ್ವರ ಬರುತ್ತದೆ, ಮಂಡಿ ನೋಯುತ್ತದೆ ಎಂಬುದನ್ನು ಅರಿತವರು ಬುಡದಲ್ಲೇ ಅದಕ್ಕೊಂದು ವ್ಯವಸ್ಥೆ ಮಾಡಿಟ್ಟಿದ್ದರು.

ಈಗ ಮೆಟ್ಟಿಲು. ಆನೆ ನಡೆದುಹೋಗುವಷ್ಟು ಅಗಲ, ಮಗು ಹತ್ತುವಷ್ಟು ತಗ್ಗು. ಎರಡೂ ಬದಿಗೆ ಹಳೆಯ ದೇವಕಣಗಿಲೆ ಮರಗಳು. ಗಂಟುಗಂಟಾದ ಬೂದುಬಣ್ಣದ ಕೊಂಬೆಗಳು ಮೇಲೆ ಕೂಡಿಕೊಂಡು ಚಪ್ಪರ ಹಾಕಿವೆ. ನಡುವೆ ಹಳದಿಯ ಚುಕ್ಕೆಯಿರುವ ಬಿಳಿ ಹೂವು ಯಾರೂ ಮುಟ್ಟದೆಯೇ ಪಟ್ ಎಂದು ಕಲ್ಲಿನ ಮೇಲೆ ಬೀಳುತ್ತದೆ. ಪೊರಕೆ ಹಿಡಿದ ಒಬ್ಬಾತ ಮೇಲಿನಿಂದ ಗುಡಿಸುತ್ತ ಇಳಿಯುತ್ತಿದ್ದಾನೆ, ಅವನು ಗುಡಿಸಿದ ಬೆನ್ನಿಗೇ ಹೂವು ಬೀಳುತ್ತಿದೆ, ಅವನಿಗೆ ಅದರ ಬೇಸರವಿದ್ದಂತೆ ಕಾಣುವುದಿಲ್ಲ. ಮರದ ಮೇಲೆ ಕರಿಮೂತಿಯ ಮುಸುವಗಳ ಸಂಸಾರ, ಕೆಳಗೆ ಕೆಂಚು ಕೋತಿಗಳ ಪಟಾಲಮ್ಮು. ಮುಸುವ ತನ್ನ ಪಾಡಿಗೆ ಎಲೆ ತಿನ್ನುತ್ತದೆ, ಕೋತಿ ನಿಮ್ಮ ಕೈಯ ತಾವರೆಯ ಮೇಲೆ ಕಣ್ಣಿಡುತ್ತದೆ. ಹೂವನ್ನು ಎದೆಗೆ ಒತ್ತಿಕೊಂಡು ನಡೆಯುವುದು ಭಕ್ತಿಯಿಂದ ಎಷ್ಟೋ, ಕೋತಿಯ ಭಯದಿಂದಲೂ ಅಷ್ಟೇ.

ಹತ್ತು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುವ ಅಜ್ಜಿಗೆ ಮೊಮ್ಮಗಳು ತೋಳು ಕೊಟ್ಟಿದ್ದಾಳೆ. ಅಜ್ಜಿ ಗಾಥೆಯ ಒಂದು ಸಾಲು ಹೇಳುತ್ತಾಳೆ, ಉಸಿರು ತೆಗೆದುಕೊಳ್ಳುತ್ತಾಳೆ, ಮುಂದಿನ ಸಾಲನ್ನು ಮೊಮ್ಮಗಳು ಹೇಳುತ್ತಾಳೆ. ಹಿಂದಿನಿಂದ ಬಂದ ಶಾಲೆಯ ಮಕ್ಕಳ ದಂಡು ಮೆಟ್ಟಿಲು ಎಣಿಸುತ್ತ ಹೋಗಿ, ಇನ್ನೂರು ಮುನ್ನೂರರ ಆಸುಪಾಸಿನಲ್ಲಿ ಜಗಳಕ್ಕೆ ಬಿದ್ದು ಎಣಿಕೆ ಬಿಟ್ಟಿತು. ಪುಸ್ತಕಗಳು ಹೇಳುವ ಲೆಕ್ಕ 1840.

ಮೊದಲ ಹಂತ ಮುಗಿದಲ್ಲಿ ಬಲಕ್ಕೆ ಇನ್ನೊಂದು ಸಾಲು ಮೆಟ್ಟಿಲು, ಕಿರಿದು, ಕಡಿದು. ಅದರ ತುದಿಯಲ್ಲಿ ಕಂಟಕ ಚೇತಿಯ. ಸುಣ್ಣ ಕಾಣದ, ಇಟ್ಟಿಗೆ ಸವೆದ, ತಲೆ ಬಯಲಾದ ಸ್ತೂಪ. ಈಗ ಉಳಿದಿರುವುದು ಸುಮಾರು 40 ಅಡಿ ಎತ್ತರ, ಸುತ್ತಿ ಬಂದರೆ ಸುಮಾರು 425 ಅಡಿ. ಕ್ರಿಸ್ತಪೂರ್ವದಲ್ಲಿ ಎದ್ದು ನಿಂತ ಸ್ತೂಪವಿದು. ನಾಲ್ಕೂ ದಿಕ್ಕಿಗೆ ಚಾಚಿದ ಕಲ್ಲಿನ ಮುಂಭಾಗಗಳನ್ನು ಇಲ್ಲಿನವರು ವಾಹಲ್ಕಡ ಎನ್ನುತ್ತಾರೆ. ಲಂಕೆಯ ಅತಿ ಹಳೆಯ ಶಿಲ್ಪಗಳ ಸಾಲಿನಲ್ಲಿ ಇವಕ್ಕೆ ಜಾಗ. ಬೆಳಗಿನ ಓರೆ ಬಿಸಿಲು ಬಿದ್ದಾಗ ಮೂಡಣದ ಮುಖದ ಕುಳ್ಳ ಯಕ್ಷರು ಒಬ್ಬೊಬ್ಬರಾಗಿ ಕಲ್ಲಿನಿಂದ ಹೊರಬರುತ್ತಾರೆ: ಹೊಟ್ಟೆ ಮುಂದಕ್ಕೆ ಬಿಟ್ಟವನು, ಕುಣಿಯುವವನು, ಹಲ್ಲು ಕಿರಿಯುವವನು. ಪಕ್ಕದಲ್ಲಿ ಕಲಶದಿಂದ ಮೇಲೇಳುವ ಬಳ್ಳಿ, ಬಳ್ಳಿಯಲ್ಲಿ ಹಕ್ಕಿ, ಹೆಡೆಯೆತ್ತಿದ ನಾಗ. ಮೇಲೆ, ಒಂದೊಂದು ದಿಕ್ಕಿಗೆ ಒಂದೊಂದು ಪ್ರಾಣಿ: ಆನೆ, ಎತ್ತು, ಕುದುರೆ, ಸಿಂಹ. ಈ ಎಲ್ಲದರ ಮೇಲೆ ಮಣ್ಣು ಕವಿದು ಕಾಡು ಬೆಳೆದಿತ್ತು. 1930ರ ದಶಕದ ನಡುವಿನಲ್ಲಿ ಪುರಾತತ್ವದವರು ಅಗೆದು ಬಿಡಿಸಿದ ಮೇಲೆ ಮತ್ತೆ ಬೆಳಕು ಕಂಡವು.

ಸ್ತೂಪದ ಆಚೆ ಹೆಬ್ಬಂಡೆಗಳು ಒಂದರ ಮೇಲೊಂದು ಬಿದ್ದು ಗವಿಗಳಾಗಿವೆ. ಗವಿಯ ಹಣೆಯತ್ತ ತಲೆಯೆತ್ತಿ ನೋಡಿ. ಮಳೆನೀರು ಬಂಡೆಯ ಮೈಗುಂಟ ಒಳಕ್ಕೆ ಇಳಿಯದೆ ಹೊರಗೆ ತೊಟ್ಟಿಕ್ಕಲಿ ಎಂದು ಉದ್ದಕ್ಕೂ ಒಂದು ಏಣನ್ನು ಕೊರೆದಿದ್ದಾರೆ. ಅದರ ಕೆಳಗೆ ಕೆಲವೆಡೆ ಬ್ರಾಹ್ಮೀ ಅಕ್ಷರಗಳು, ಗವಿಯನ್ನು ಸಂಘಕ್ಕೆ ಕೊಟ್ಟವರ ಹೆಸರು. ಧರ್ಮ ಬಂದ ಮೊದಲ ಮಳೆಗಾಲದಲ್ಲಿ ಭಿಕ್ಷುಗಳಿಗೆಂದು ಅನುರಾಧಪುರದ ಅಂದಿನ ರಾಜ ಇಲ್ಲಿ 68 ಗವಿಗಳನ್ನು ಸಿದ್ಧಮಾಡಿಸಿದ, 62 ಮಂದಿ ವಾಸಕ್ಕೆ ನಿಂತರು ಎಂದು ಲಂಕೆಯ ಹಳೆಯ ವೃತ್ತಾಂತ ಮಹಾವಂಸ ಹೇಳುತ್ತದೆ. ಗವಿಯೊಳಗೆ ಕಾಲಿಟ್ಟರೆ ತಣ್ಣಗಿನ ಕಲ್ಲು, ಬಾವಲಿಯ ಘಾಟು, ಹೊರಗಿನ ಗದ್ದಲವೆಲ್ಲ ಒಮ್ಮೆಲೇ ದೂರ. ಕ್ರಿ.ಶ. 5ನೇ ಶತಮಾನದ ಮೊದಲಲ್ಲಿ ಬಂದಿದ್ದ ಚೀನಾದ ಯಾತ್ರಿಕ ಫಾಹಿಯಾನ್ ಈ ಬೆಟ್ಟದಲ್ಲಿ ಸುಮಾರು 2000 ಭಿಕ್ಷುಗಳಿದ್ದಾರೆಂದು ಬರೆದ. ಅವರಲ್ಲಿ ಧರ್ಮಗುಪ್ತ ಎಂಬೊಬ್ಬರು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಕಲ್ಲುಗವಿಯಲ್ಲೇ ಇದ್ದರೆಂದೂ, ಅವರ ಕರುಣೆಯ ಬಲದಿಂದ ಆ ಗವಿಯಲ್ಲಿ ಹಾವೂ ಇಲಿಯೂ ಒಂದನ್ನೊಂದು ಮುಟ್ಟದೆ ಜೊತೆಗಿದ್ದವೆಂದೂ ಬರೆದಿಟ್ಟ. ಅದು ಯಾವ ಗವಿಯೋ, ಗುರುತಿಲ್ಲ. ಹಾವು ಈಗಲೂ ಇವೆ, ಹೆಜ್ಜೆ ನೋಡಿಕೊಂಡು ಇಡಿ.

ಮತ್ತೆ ದೊಡ್ಡ ಮೆಟ್ಟಿಲಿಗೆ ಬಂದು ಇನ್ನೊಂದು ಹಂತ ಹತ್ತಿದರೆ ಎಡಕ್ಕೆ ಬಯಲಾದ ತಟ್ಟು, ಕತ್ತರಿಸಿ ನಿಲ್ಲಿಸಿದ ಕಲ್ಲುಕಂಬಗಳು, ನಡುವೆ ತಗ್ಗಿನ ಅಂಗಳ. ಮಠದ ಭೋಜನಶಾಲೆಯಿದು. ಮೇಲುಚಾವಣಿ ಎಂದೋ ಹೋಗಿದೆ. ಉಳಿದದ್ದರಲ್ಲಿ ಕಣ್ಣು ಸೆಳೆಯುವುದು ಎರಡು ಭಾರಿ ಕಲ್ಲುದೋಣಿಗಳು. ಹಂಪಿಯ ಅರಮನೆ ಆವರಣದ ಬಳಿ ಇರುವ ಊಟದ ಕಲ್ಲುದೋಣಿಯನ್ನು ಕಂಡವರು ಅದನ್ನು ಮನಸ್ಸಿನಲ್ಲಿ ಹಿಗ್ಗಿಸಿಕೊಂಡರೆ ಸಾಕು. ದೊಡ್ಡದು ಇಪ್ಪತ್ತಡಿಗೂ ಹೆಚ್ಚು ಉದ್ದ. ಒಂದು ಅನ್ನಕ್ಕೆ, ಒಂದು ಗಂಜಿಗೆ. ಪಕ್ಕದಲ್ಲೇ ನೀರು ಹರಿದುಬರಲು ಕೊರೆದ ಕಲ್ಲಿನ ಕೊಳವೆಗಳು, ಎಂಜಲು ನೀರು ಹೊರಹೋಗಲು ಮೋರಿ. ಅಂಚಿನ ಮೇಲೆ ಕೈಯಿಟ್ಟು ನೋಡಿ, ಎಷ್ಟು ನುಣುಪು! ಸಾವಿರಾರು ತೋಳುಗಳು ಒರಗಿ, ಸಾವಿರಾರು ಸಲ ತಿಕ್ಕಿ ತೊಳೆದು ಬಂದ ನುಣುಪು ಅದು. ಬೆಳಗಿನ ಜಾವ ಇಲ್ಲಿ ಎದ್ದಿರಬಹುದಾದ ಹಬೆ, ಹುಟ್ಟಿನ ಸದ್ದು, ಪಾತ್ರೆ ಹಿಡಿದು ಸಾಲಾಗಿ ಬರುವ ಕಾವಿಯ ನಿಲುವಂಗಿಗಳು, ಒಬ್ಬರಿಗೊಬ್ಬರು ಮಾತಾಡದ ಆ ಊಟ, ಎಲ್ಲವನ್ನೂ ಈ ಎರಡು ದೋಣಿಗಳೇ ಹೇಳಿಬಿಡುತ್ತವೆ.

ಹೇಳದೆ ಉಳಿದದ್ದನ್ನು ಪಕ್ಕದ ಎರಡು ಕಲ್ಲು ಹೇಳುತ್ತವೆ. ಧಾತುಮಂದಿರವೆಂದು ಗುರುತಿಸಿದ ಕಟ್ಟಡದ ಬಾಗಿಲ ಇಕ್ಕೆಲದಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ನಿಂತ ಎರಡು ಶಿಲಾಶಾಸನಗಳು. ಹಲಗೆಯ ತುಂಬ ದುಂಡು ಸಿಂಹಳ ಅಕ್ಷರ. 956ರಿಂದ 972ರವರೆಗೆ ಆಳಿದ ನಾಲ್ಕನೆಯ ಮಹಿಂದ ರಾಜ ಹಾಕಿಸಿದ್ದು. ರಾಜನ ಶಾಸನವೆಂದರೆ ಗೆದ್ದ ಯುದ್ಧ, ಕೊಟ್ಟ ದಾನ, ಬಿರುದಾವಳಿ ಎಂದುಕೊಂಡು ಓದಲು ಹೋದವರಿಗೆ ಇಲ್ಲಿ ಸಿಗುವುದು ಮಠದ ದಿನಚರಿ. ಭಿಕ್ಷುಗಳು ನಸುಕಿನಲ್ಲಿ ಏಳಬೇಕು, ಧ್ಯಾನ ಮಾಡಬೇಕು, ಹಲ್ಲುಜ್ಜಿ ಮುಖ ತೊಳೆಯಬೇಕು, ಚೀವರವನ್ನು ನಿಯಮದಂತೆ ಉಡಬೇಕು, ಎತ್‌ವೆಹೆರ ಸ್ತೂಪಕ್ಕೆ ಹೋಗಿ ಪಿರಿತ್ ಪಠಿಸಬೇಕು, ಆಮೇಲೆ ಬಂದು ಗಂಜಿ, ಅನ್ನ ಪಡೆಯಬೇಕು. ಕಾಯಿಲೆಯಿಂದ ಬರಲಾಗದವರಿಗೆ ವೈದ್ಯರು ಹೇಳಿದ್ದನ್ನು ತಲುಪಿಸಬೇಕು. ಎತ್‌ವೆಹೆರ ಇರುವುದು ಬೆಟ್ಟದ ತುತ್ತತುದಿಯಲ್ಲಿ. ಅಂದರೆ ಬೆಳಗಿನ ಗಂಜಿ ಸಿಗುವ ಮುಂಚೆ ಬೆಟ್ಟದ ನೆತ್ತಿ ಹತ್ತಿ ಇಳಿದಿರಬೇಕು! ಹಸಿವು ಚೆನ್ನಾಗಿಯೇ ಆಗಿರುತ್ತದೆ.

ಮುಂದಕ್ಕೆ ಓದಿದರೆ ಮಠದಲ್ಲಿ ದುಡಿಯುವವರ ಪಟ್ಟಿ: ಅಡುಗೆಯವರು, ಕುಂಬಾರರು, ಚಾವಣಿ ಹೊದಿಸುವವರು, ಹೂವು ಒದಗಿಸುವವರು, ವೈದ್ಯರು. ಯಾರಿಗೆ ಎಷ್ಟು ಅಕ್ಕಿ, ಯಾರಿಗೆ ಎಷ್ಟು ಜಮೀನು ಎಂದು ಒಬ್ಬೊಬ್ಬರದ್ದೂ ಬಿಡಿಬಿಡಿಯಾಗಿ ನಮೂದು. ಓದುವ ಭಿಕ್ಷುಗಳಿಗೂ ತಾರತಮ್ಯವುಂಟು: ವಿನಯಪಿಟಕ ಓದುವವರಿಗೆ ಊಟ ಬಟ್ಟೆಯ 5 ಪಾಲು, ಸುತ್ತಪಿಟಕಕ್ಕೆ 7, ಕಬ್ಬಿಣದ ಕಡಲೆಯಾದ ಅಭಿಧಮ್ಮಕ್ಕೆ 12. ಎಲ್ಲಕ್ಕಿಂತ ಕಟ್ಟುನಿಟ್ಟು ಲೆಕ್ಕದ ಮಾತಿನಲ್ಲಿ. ಬಂದದ್ದು, ಖರ್ಚಾದದ್ದು ದಿನದಿನವೂ ಪುಸ್ತಕಕ್ಕೆ ಏರಬೇಕು, ಪುಸ್ತಕ ಪೆಟ್ಟಿಗೆಯಲ್ಲಿ ಭದ್ರವಾಗಿರಬೇಕು, ವರ್ಷದ ಕೊನೆಗೆ ಲೆಕ್ಕವನ್ನು ಸಂಘದ ಮುಂದೆ ಇಟ್ಟು ಒಪ್ಪಿಗೆ ಪಡೆಯಬೇಕು. ಸಾವಿರ ವರ್ಷದ ಹಿಂದೆ, ಎಲ್ಲರೂ ಊಟಕ್ಕೆ ಬರುವ ದಾರಿಯಲ್ಲಿ, ಯಾರೂ ತಿದ್ದಲಾಗದಂತೆ ಕಲ್ಲಿನಲ್ಲಿ ಕೊರೆದ ನಿಯಮ! ಧರ್ಮವನ್ನು ತಂದವರು ದೊಡ್ಡವರು, ಸರಿ. ಅದನ್ನು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಈ ಬೆಟ್ಟದ ಮೇಲೆ ಉಳಿಸಿದವರು ಗಂಜಿ ಬೇಯಿಸಿದವರು, ನೀರು ಹರಿಸಿದವರು, ಲೆಕ್ಕ ಬರೆದವರು. ಈ ತಟ್ಟಿನಲ್ಲಿ ನಿಂತಾಗ ಹಾಗನ್ನಿಸದೆ ಇರುವುದಿಲ್ಲ.

ನೀರಿನ ಮಾತು ಬಂತು. ಗುಡ್ಡದ ಬಂಡೆಗಳ ಮೇಲೆ ಬಿದ್ದ ಮಳೆಯ ಒಂದು ಹನಿಯನ್ನೂ ಮಠದವರು ಸುಮ್ಮನೆ ಇಳಿದುಹೋಗಲು ಬಿಡಲಿಲ್ಲ. ಕವಲುದಾರಿಯಲ್ಲಿ ಸ್ವಲ್ಪ ಹತ್ತಿದರೆ ನಾಗಪೊಕುಣ, ಬಂಡೆಯ ಮಗ್ಗುಲಲ್ಲೇ ನಿಂತ ಹಸಿರು ನೀರಿನ ಉದ್ದನೆಯ ಕೊಳ. ಹಿಂಬದಿಯ ಬಂಡೆಯ ಮೇಲೆ ಐದು ಹೆಡೆಯ ನಾಗ ನೀರಿನಿಂದ ಈಗಷ್ಟೇ ಮೇಲೆದ್ದ ಭಂಗಿಯಲ್ಲಿ ಕೆತ್ತನೆಯಾಗಿದೆ. ನೀರು ನಿಶ್ಚಲವಾಗಿದ್ದರೆ ಹತ್ತು ಹೆಡೆ. ಇಲ್ಲಿ ಕೂಡಿದ ನೀರು ಇಳಿಜಾರಿನ ಸೆಳೆತದಲ್ಲಿ ಕೆಳಗಿನ ಕಟ್ಟಡಗಳಿಗೆ ಇಳಿಯುತ್ತಿತ್ತು. ಭೋಜನಶಾಲೆಯ ಕೆಳಗಿನ ಸಿಂಹಪೊಕುಣದಲ್ಲಿ ಹಿಂಗಾಲ ಮೇಲೆ ನಿಂತ ಆಳೆತ್ತರದ ಕಲ್ಲುಸಿಂಹವೊಂದರ ಬಾಯಿಯಿಂದ ನೀರು ಧುಮುಕುತ್ತಿತ್ತು. ಈಗ ಬಾಯಿ ಒಣಗಿದೆ, ಮುಖದ ಗರ್ವ ಹಾಗೆಯೇ ಇದೆ. ಬೆಟ್ಟದ ಪಡುವಣ ತಪ್ಪಲಿನ ಕಲುದಿಯ ಪೊಕುಣವಂತೂ ಮರಗಳ ನೆರಳಿನಲ್ಲಿ ಕಪ್ಪಾಗಿ ನಿಂತ ದೊಡ್ಡ ಕೊಳ. ಅದರ ದಡದ ಮಠಗಳ ಅವಶೇಷಗಳ ನಡುವೆ ಒಬ್ಬರೂ ಸಿಗದ ಮಧ್ಯಾಹ್ನಗಳುಂಟು.

ಕೊನೆಯ ಹಂತದ ಮೆಟ್ಟಿಲು ಕಡಿದಾಗಿದೆ. ಮೇಲೆ ಮುಟ್ಟಿದಲ್ಲಿ ಚಪ್ಪಲಿ ಬಿಡಬೇಕು, ಟೋಪಿ ತೆಗೆಯಬೇಕು. ಮುಂದೆ ಮರಳು ಹರಡಿದ ಅಂಗಳ, ಓಲಾಡುವ ತೆಂಗಿನ ಮರಗಳು, ನಡುವೆ ಚಿಕ್ಕದೊಂದು ಬಿಳಿ ಸ್ತೂಪ, ಅದರ ಸುತ್ತ ಚಾವಣಿ ಕಳೆದುಕೊಂಡ ತೆಳ್ಳನೆಯ ಕಂಬಗಳು. ಇದನ್ನು ಅಂಬತ್ಥಲ ಎನ್ನುತ್ತಾರೆ. ಬಂದವರು ಮೊದಲು ಹೂವಿನ ತಟ್ಟೆಗೆ ನೀರು ಚಿಮುಕಿಸಿ ಪ್ರದಕ್ಷಿಣೆ ಬರುತ್ತಾರೆ, ಕಬ್ಬಿಣದ ಸ್ಟ್ಯಾಂಡಿನಲ್ಲಿ ಹಣತೆ ಹಚ್ಚುತ್ತಾರೆ. ಗಾಳಿಗೆ ಆರುತ್ತದೆ, ಪಕ್ಕದವರ ದೀಪದಿಂದ ಮತ್ತೆ ಹಚ್ಚಿಕೊಳ್ಳುತ್ತಾರೆ. ಕಾದ ಕೊಬ್ಬರಿ ಎಣ್ಣೆಯ ಕಮರು, ತಾವರೆಯ ಹಸಿ ವಾಸನೆ, ಎಲ್ಲೋ ಒಂದು ಗಂಟೆಯ ಸದ್ದು, ‘ಸಾಧು, ಸಾಧು, ಸಾಧು’ ಎಂದು ಒಟ್ಟಿಗೆ ಎದ್ದು ಅಡಗುವ ದನಿ.

ಲಂಕೆಗೆ ಧರ್ಮ ಬಂದ ಕತೆ ನಡೆದದ್ದು ಇಲ್ಲಿ. ಮಹಾವಂಸದ ಪ್ರಕಾರ ಜ್ಯೇಷ್ಠ ಮಾಸದ ಹುಣ್ಣಿಮೆ, ಸಾಂಪ್ರದಾಯಿಕ ಲೆಕ್ಕದಲ್ಲಿ ಕ್ರಿ.ಪೂ. 247. ಅನುರಾಧಪುರದ ದೊರೆ ದೇವಾನಂಪಿಯ ತಿಸ್ಸ ಬೇಟೆಗೆ ಬಂದು ಜಿಂಕೆಯೊಂದರ ಬೆನ್ನು ಹತ್ತಿ ಓಡುತ್ತಾನೆ. ಜಿಂಕೆ ಮಾಯ, ಎದುರಿಗೆ ಮಾವಿನ ಮರದ ಬಳಿ ಕಾವಿ ಉಟ್ಟ ಅಪರಿಚಿತ. ರಾಜನನ್ನು ಬಿರುದುಬಾವಲಿ ಇಲ್ಲದೆ ‘ತಿಸ್ಸ’ ಎಂದು ಬರೀ ಹೆಸರಿನಿಂದ ಕರೆಯುತ್ತಾನೆ. ಅವನೇ ಮಹಿಂದ, ನಮ್ಮ ಪಠ್ಯಪುಸ್ತಕಗಳ ಮಹೇಂದ್ರ, ಅಶೋಕನ ಮಗ. ವಿದಿಶೆಯ ಬೆಟ್ಟದ ವಿಹಾರದಿಂದ ಹೊರಟು ಬಂದವನು. ಉಪದೇಶಕ್ಕೆ ಮೊದಲು ಅವನು ಮಾಡಿದ್ದು ರಾಜನ ಬುದ್ಧಿಯ ಪರೀಕ್ಷೆ. ಇದು ಯಾವ ಮರ? ಮಾವು. ಇದಲ್ಲದೆ ಬೇರೆ ಮಾವುಗಳಿವೆಯೆ? ಬೇಕಾದಷ್ಟಿವೆ. ಈ ಮಾವು, ಆ ಮಾವುಗಳನ್ನು ಬಿಟ್ಟು ಬೇರೆ ಮರಗಳು? ಇವೆ, ಆದರೆ ಅವು ಮಾವಲ್ಲ. ಆ ಬೇರೆ ಮಾವುಗಳನ್ನೂ ಮಾವಲ್ಲದವುಗಳನ್ನೂ ಬಿಟ್ಟರೆ? ಉಳಿಯುವುದು ಈ ಮಾವಿನ ಮರವೇ, ಎಂದ ರಾಜ. ನೆಂಟರ ಬಗ್ಗೆಯೂ ಇದೇ ಬಗೆಯ ಪ್ರಶ್ನೆ. ನೆಂಟರು, ನೆಂಟರಲ್ಲದವರು ಎಲ್ಲರನ್ನೂ ಕಳೆದರೆ ಉಳಿಯುವುದು ನಾನೇ, ಎಂದು ಜಾಣ ಉತ್ತರ ಕೊಟ್ಟ. ಹೊಸ ವಿಚಾರ ಹೇಳುವ ಮುಂಚೆ ಕೇಳುವವನಿಗೆ ವಿವೇಚನೆ ಇದೆಯೇ ಎಂದು ನೋಡಿಕೊಂಡ ಗುರು, ಬಿಲ್ಲು ಕೆಳಗಿಟ್ಟು ಪ್ರಶ್ನೆಗೆ ಉತ್ತರಿಸಿದ ದೊರೆ. ಬೆಟ್ಟದ ಸುತ್ತಲಿನ ಕಾಡನ್ನು ಆ ದೊರೆ ಪ್ರಾಣಿಗಳಿಗೆ ಅಭಯಧಾಮ ಮಾಡಿದನೆಂದು ಇಲ್ಲಿನವರ ನಂಬಿಕೆ. ಸರಕಾರದ ಲೆಕ್ಕದಲ್ಲಿ ಇದು 1938ರಿಂದ ವನ್ಯಧಾಮ.

ಕನ್ನಡದವರಿಗೆ ಈ ಕತೆ ಪರದೇಶದ್ದಲ್ಲ. ಪಾಟಲಿಪುತ್ರದ ಮೂರನೆಯ ಬೌದ್ಧ ಮಹಾಸಭೆ ಮುಗಿದ ಮೇಲೆ ಹಿರಿಯ ಭಿಕ್ಷು ಮೊಗ್ಗಲಿಪುತ್ತ ತಿಸ್ಸ ನಾನಾ ದಿಕ್ಕಿಗೆ ಕಳಿಸಿದ ತಂಡಗಳ ಪಟ್ಟಿಯೊಂದು ಮಹಾವಂಸದಲ್ಲಿದೆ. ಲಂಕೆಗೆ ಮಹಿಂದ ಹೊರಟ ಆ ಪಟ್ಟಿಯಲ್ಲೇ ವನವಾಸಕ್ಕೆ, ಅಂದರೆ ನಮ್ಮ ಬನವಾಸಿಯ ಸೀಮೆಗೆ, ರಕ್ಖಿತ ಎಂಬ ಭಿಕ್ಷುವಿನ ಹೆಸರಿದೆ. ಮಹಿಷಮಂಡಲಕ್ಕೆ ಮಹಾದೇವ ಎಂಬವರ ಹೆಸರಿದೆ. ಮಹಿಷಮಂಡಲವೆಂದರೆ ಮೈಸೂರು ಸೀಮೆ ಎಂದು ಹಲವು ವಿದ್ವಾಂಸರ ಮತ, ನರ್ಮದೆಯ ದಂಡೆ ಎಂದು ಇನ್ನು ಕೆಲವರದು. ಮುಂದೆ ದುಟ್ಠಗಾಮಣಿ ರಾಜ ಅನುರಾಧಪುರದಲ್ಲಿ ಮಹಾಸ್ತೂಪಕ್ಕೆ ಅಡಿಗಲ್ಲು ಇಟ್ಟಾಗ ಚಂದಗುತ್ತ ಎಂಬ ಹಿರಿಯ ಭಿಕ್ಷುವಿನ ಜೊತೆ ವನವಾಸದ ಭಿಕ್ಷುಗಳೂ ಬಂದಿದ್ದರೆಂದು ಅದೇ ಗ್ರಂಥ ಹೇಳುತ್ತದೆ. ಸಾಲ ಒಂದು ಕಡೆಯದಲ್ಲ. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಭಾರತದ ಬಂಡೆಗಳ ಮೇಲಿನ ಬ್ರಾಹ್ಮಿಯನ್ನು ಬಿಡಿಸಿದಾಗ ಸಿಕ್ಕ ‘ದೇವಾನಂಪಿಯ’ ರಾಜ ಲಂಕೆಯ ಇದೇ ತಿಸ್ಸನಿರಬೇಕೆಂದು ಮೊದಲು ಊಹಿಸಿದ. ಅಲ್ಲ, ಅದು ಅಶೋಕ ಎಂದು ತಿಳಿದದ್ದು ಲಂಕೆಯ ಪಾಲಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್‌ನಿಂದ. ಅದಕ್ಕೆ ಬಂಡೆಯ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ರಾಯಚೂರು ಸೀಮೆಯ ಮಸ್ಕಿಯ ಶಾಸನದಲ್ಲಿ, ಅಶೋಕ ಎಂಬ ಹೆಸರೇ ಕೆತ್ತಿದ್ದ ಸಾಲಿನಲ್ಲಿ.

ಅಂಗಳದ ಒಂದು ಅಂಚಿಗೆ ಆರಾಧನಾಗಲ. ಬೋಳು ಬಂಡೆ, ಅದರ ಮೈಮೇಲೆ ಪಾದವಿಡುವಷ್ಟೇ ಕೊರೆದ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಹತ್ತುವವರು ಇಳಿಯುವವರಿಗೆ ದಾರಿ ಬಿಡಲು ಬಂಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ಸೀರೆಯ ಸೆರಗು ಪಟಪಟ ಬಡಿಯುತ್ತದೆ, ಮಾತು ಗಾಳಿಗೆ ಹಾರಿಹೋಗುತ್ತದೆ. ಮೇಲೆ ನಿಂತರೆ ಸುತ್ತ ಹಸಿರು ಕಾಡು, ಕಾಡಿನ ನಡುನಡುವೆ ಕೆರೆಗಳ ಹೊಳಪು, ಪಡುವಣದ ದಿಗಂತದಲ್ಲಿ ಅನುರಾಧಪುರದ ಸ್ತೂಪಗಳ ಗುಂಡು ನೆತ್ತಿಗಳು. ಸಮುದ್ರಮಟ್ಟದಿಂದ ಸುಮಾರು 1000 ಅಡಿ ಎತ್ತರದ ಬೆಟ್ಟ ಇದು, ಹಿಮಾಲಯ ಕಂಡವರಿಗೆ ಲೆಕ್ಕಕ್ಕಿಲ್ಲ. ಆದರೆ ಸುತ್ತ ಎಲ್ಲವೂ ಸಮತಟ್ಟಾಗಿರುವಾಗ ಸಾವಿರ ಅಡಿಯೂ ಆಕಾಶಕ್ಕೆ ಸಾಕಷ್ಟು ಹತ್ತಿರ.

ಎದುರಿನ ಏರಿನ ಮೇಲೆ ಬಸ್ಸಿನಿಂದ ಕಂಡ ಆ ಬಿಳಿ ಸ್ತೂಪ, ಮಹಾಸೇಯ. ಬುಡದ ಅಡ್ಡಳತೆ 136 ಅಡಿ. ಬುದ್ಧನ ಒಂದು ಕೂದಲೆಳೆ ಒಳಗಿದೆಯೆಂದು ನಂಬಿಕೆ. ಕ್ರಿ.ಶ. 1ನೇ ಶತಮಾನದ ಮಹಾದಾಠಿಕ ಮಹಾನಾಗ ಕಟ್ಟಿಸಿದ್ದೆನ್ನುತ್ತಾರೆ. ಅದೇ ರಾಜ ಈ ಬೆಟ್ಟದಲ್ಲಿ ಹಬ್ಬ ಮಾಡಿದಾಗ ಯಾತ್ರಿಕರ ಕಾಲಿಗೆ ಮಣ್ಣು ಮೆತ್ತದಿರಲಿ ಎಂದು ಕದಂಬ ನದಿಯಿಂದ ಇಲ್ಲಿಯತನಕ ನೆಲಹಾಸು ಹಾಸಿಸಿದ್ದನಂತೆ. ಬಿಸಿಲೇರಿದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಪ್ರದಕ್ಷಿಣೆ ಹಾಕುವಾಗ ಆ ರಾಜನ ನೆನಪು ತಾನಾಗಿಯೇ ಬರುತ್ತದೆ. ಸ್ತೂಪದ ಪಕ್ಕ ಇಟ್ಟಿಗೆಯ ಚಿಕ್ಕ ಅವಶೇಷವೊಂದಿದೆ, ಮಹಿಂದನ ಅಸ್ಥಿ ಇಟ್ಟ ಜಾಗ ಎನ್ನುತ್ತಾರೆ. ಮೂವತ್ತರ ಹರೆಯದಲ್ಲಿ ಬಂದವನು ಹಿಂದಿರುಗಲಿಲ್ಲ. ತನಗೆ ಆಶ್ರಯ ಕೊಟ್ಟ ತಿಸ್ಸನ ಕಾಲ ಮುಗಿದು ಅವನ ತಮ್ಮ ಉತ್ತಿಯ ಆಳುತ್ತಿದ್ದಾಗ ಇದೇ ಬೆಟ್ಟದ ಮೇಲೆ ಮಳೆಗಾಲದ ವಾಸದಲ್ಲಿ ತೀರಿಕೊಂಡ. ಅವನು ಮಲಗುತ್ತಿದ್ದುದೆಂದು ತೋರಿಸುವ ಗವಿ ಕೆಳಗೆ ಕಡಿದಾದ ಇಳಿಜಾರಿನಲ್ಲಿದೆ. ಎರಡು ಬಂಡೆಗಳ ಸಂದಿನಲ್ಲಿ ತೆಳು ಮಾಡಿ ನಯಗೊಳಿಸಿದ ಒಂದು ಚಪ್ಪಡಿ, ಅದರಾಚೆ ಪ್ರಪಾತ. ಮಗ್ಗುಲು ಬದಲಿಸಲೂ ಯೋಚಿಸಬೇಕಾದ ಹಾಸಿಗೆ. ಚಪ್ಪಡಿಯ ಮೇಲೆ ಯಾರೋ ಇಟ್ಟ ಎರಡು ದೇವಕಣಗಿಲೆ, ಕರಗಿದ ಮೇಣ.

993ರಲ್ಲಿ ಚೋಳರು ಅನುರಾಧಪುರವನ್ನು ಹಿಡಿದು, ರಾಜಧಾನಿ ಪೊಲೊನ್ನರುವಕ್ಕೆ ಸರಿದ ಮೇಲೆ ಈ ಬೆಟ್ಟಕ್ಕೂ ಮುಪ್ಪು ಬಂತು. ಕೆರೆಗಳು ಒಡೆದವು, ಕಾಡು ನುಗ್ಗಿತು. ಮತ್ತೆ ಅಗೆತ ಶುರುವಾದಾಗ ಮಣ್ಣಿನಡಿಯಿಂದ ಬಂದವುಗಳಲ್ಲಿ ಒಂದು ಅಚ್ಚರಿಯದು. ತಪ್ಪಲಿನ ಇಂದಿಕಟುಸೇಯ ಎಂಬ ಸ್ತೂಪದಲ್ಲಿ ತಾಮ್ರದ ತಗಡುಗಳು ಸಿಕ್ಕವು, ಅವುಗಳ ಮೇಲೆ ಸಿಂಹಳ ಲಿಪಿಯಲ್ಲಿ ಸಂಸ್ಕೃತದ ಪ್ರಜ್ಞಾಪಾರಮಿತಾ. ಅದು ಮಹಾಯಾನದ ಗ್ರಂಥ. ಥೇರವಾದದ ತವರೆಂದು ಹೆಸರಾದ ಬೆಟ್ಟದಲ್ಲಿ ಬೇರೆ ದಾರಿಯ ಭಿಕ್ಷುಗಳೂ ನೆಲೆಸಿದ್ದರು. ಒಂದೇ ಬೆಟ್ಟದ ನೀರು ಕುಡಿದಿದ್ದರು.

ಪೊಸೊನ್ ಹುಣ್ಣಿಮೆಯಂದು, ಅಂದರೆ ಜೂನ್ ತಿಂಗಳಲ್ಲಿ, ಬಂದರೆ ಬೇರೆಯೇ ಮಿಹಿಂತಲೆ ಸಿಗುತ್ತದೆ. ಲಕ್ಷಾಂತರ ಜನ ದೇಶದ ಎಲ್ಲ ಮೂಲೆಗಳಿಂದ ಲಾರಿ, ಟ್ರಾಕ್ಟರು, ಬಸ್ಸುಗಳಲ್ಲಿ ಬಂದಿಳಿಯುತ್ತಾರೆ. ಬೆಟ್ಟದ ಬುಡದಿಂದ ನೆತ್ತಿಯವರೆಗೆ ಬಿಳಿಯ ಹೊಳೆಯೊಂದು ಇಡೀ ರಾತ್ರಿ ಮೇಲಕ್ಕೆ ಹರಿಯುತ್ತದೆ. ದಾರಿಯ ಇಕ್ಕೆಲದಲ್ಲಿ ದನ್ಸಲ್‌ಗಳು, ಹೋಗಿಬರುವವರನ್ನು ಕೈಹಿಡಿದು ಕೂರಿಸಿ ಉಣಿಸುವ ಧರ್ಮದ ಚಪ್ಪರಗಳು. ಅನ್ನ, ಪರಂಗಿ ಹಣ್ಣು, ಶರಬತ್ತು, ಶುಂಠಿ ಚಹಾ, ಬೆಳಗಾದರೆ ಸೊಪ್ಪಿನ ಗಂಜಿ. ಹುಡುಗರು ದೊಡ್ಡ ಸೌಟು ಹಿಡಿದು ‘ಇನ್ನೂ ಸ್ವಲ್ಪ’ ಎಂದು ಒತ್ತಾಯಿಸುತ್ತಾರೆ. ಭೋಜನಶಾಲೆಯ ಕಲ್ಲುದೋಣಿಗಳು ಬರಿದಾಗಿ ಸಾವಿರ ವರ್ಷವಾಯಿತು. ಊರಿನವರ ಹಂಡೆಗಳು ಅವುಗಳ ಕೆಲಸವನ್ನು ವಹಿಸಿಕೊಂಡಿವೆ.

ಹೋಗುವವರಿಗೆ ಒಂದೆರಡು ಮಾತು. ಬೆಳಗ್ಗೆ ಆರಕ್ಕೆಲ್ಲ ಮೆಟ್ಟಿಲ ಬುಡದಲ್ಲಿರಿ, ಹತ್ತರ ನಂತರ ಮೇಲಿನ ಕಲ್ಲು ಕಾದ ಕಾವಲಿ. ಬಿಳಿಯ ಅಥವಾ ತಿಳಿಬಣ್ಣದ ಬಟ್ಟೆ, ಭುಜ ಮಂಡಿ ಮುಚ್ಚಿರಲಿ. ಬಿಸಿಲು ತಾಳದ ಪಾದದವರು ಕಾಲುಚೀಲ ತನ್ನಿ, ಯಾರೂ ಬೇಡವೆನ್ನುವುದಿಲ್ಲ. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ, ಇಲ್ಲಿನವರಿಗೆ ಅದು ನೋವು. ಮಂಡಿ ನೋವಿನವರು ಹಳೆಯ ರಸ್ತೆಯಲ್ಲಿ ವಾಹನದಲ್ಲೇ ಭೋಜನಶಾಲೆಯ ತಟ್ಟಿನವರೆಗೆ ಹೋಗಬಹುದು. ಹೊತ್ತು ಕಡಿಮೆಯಿದ್ದರೆ ಆರಾಧನಾಗಲ ಬಿಟ್ಟರೂ ನಡೆದೀತು, ಗಂಜಿಯ ದೋಣಿಯನ್ನೂ ಲೆಕ್ಕದ ಶಾಸನವನ್ನೂ ಬಿಡಬೇಡಿ. ಊರಿಗೆ ಮರಳಿದ ಮೇಲೆ ಮಸ್ಕಿಗೋ, ಮೊಳಕಾಲ್ಮೂರಿನ ಬ್ರಹ್ಮಗಿರಿಗೋ ಒಂದು ದಿನ ಹೋಗಿಬನ್ನಿ. ಮಗನನ್ನು ಕಡಲಾಚೆ ಕಳಿಸಿದ ಅಪ್ಪನ ಮಾತು ನಮ್ಮ ಬಂಡೆಗಳ ಮೇಲೂ ಇದೆ, ಅಲ್ಲಿ ಹೂವು ಮಾರುವವರು ಮಾತ್ರ ಇಲ್ಲ.